ಕೆರೆ ಮುಚ್ಚುವವರ ಮಂತ್ರ

ನೀರೆಣಿಕೆಯ ನೂರ ಎಪ್ಪತ್ತನೆಯ ವರ್ಷ, ಮೂರನೆಯ ಬೇಸಿಗೆ
ಹಿರೇಕಟ್ಟೆ

ನನ್ನ ಅಜ್ಜಿಯ ಮುತ್ತಜ್ಜಿಯ ಕಾಲದವರಿಗೆ ಓಬಕ್ಕನ ನಮಸ್ಕಾರಗಳು.

ಮೇಲಿನ ತೇದಿ ಕಂಡು ಗಾಬರಿಯಾಗಬೇಡಿ. ನೀರೆಣಿಕೆ ನಮ್ಮ ಶಕೆಯ ಹೆಸರು. ಮಳೆ ಯಾವಾಗಲೋ ಒಮ್ಮೆ ಬಂದುಹೋಗುವಂತಾದ ಮೇಲೆ ನಾವು ವರ್ಷದ ಭಾಗಗಳನ್ನೆಲ್ಲ ಬೇಸಿಗೆಗಳೆಂದೇ ಎಣಿಸುತ್ತೇವೆ. ನಿಮ್ಮ ಕನ್ನಡವನ್ನು ನಾನು ಹಳೆಯ ಪುಸ್ತಕಗಳಿಂದ ಕಲಿತೆ. ಎಲ್ಲಾದರೂ ತೊಡರಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮಲ್ಲಿ ಮನೆಗೊಂದು ಸರದಿಕೊಡ ಇದೆ, ಅಂದರೆ ದಿನಕ್ಕೆ ಮನೆಮಂದಿಗೆಲ್ಲ ಸಿಗುವ ಒಂದೇ ಕೊಡ ನೀರು. ಪಾತ್ರೆಗಳನ್ನು ಬೂದಿಯಲ್ಲಿ ಉಜ್ಜಿ ಬಿಸಿಲಿಗಿಡುತ್ತೇವೆ, ತೊಳೆಯುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುತ್ತೇವೆ. ಹಿಂಡಿದ ನೀರು ನುಗ್ಗೆ ಗಿಡಕ್ಕೆ. ನೆಲದೊಳಗಿನ ನೀರನ್ನು ನೋಡುವ ಯಂತ್ರವೂ ಇದೆ, ನೀರುಗಣ್ಣು ಅನ್ನುತ್ತೇವೆ. ಉಳಿದಿರುವ ಅರ್ಧ ಕೆರೆಯನ್ನು ಮುಚ್ಚಿದರೆ ಊರಬಾವಿ ಬತ್ತುತ್ತದೆ ಎಂದು ಅದು ಹೇಳಿ ಎಷ್ಟೋ ದಿನವಾಯಿತು. ಎಲ್ಲರೂ ಕೇಳಿದರು, ಹೌದೆಂದರು, ಮಣ್ಣು ಹೊರುವ ಬುಟ್ಟಿ ಹೆಣೆಯಲು ಕೂತರು.

ಯಾಕೆಂದರೆ ಕೆರೆಯ ಏರಿಯ ಮೇಲೆ ನಮ್ಮ ದೇವತೆ ಕಲ್ಲಮ್ಮ ಇದ್ದಾಳೆ, ಮೈತುಂಬ ಅರಿಸಿನ, ಎಣ್ಣೆ. ಅವಳ ಗುಡಿಗೆ ಅಂಗಳ ಬೇಕೆಂದು ಹಿಂದಿನವರು ಅರ್ಧ ಕೆರೆ ಮುಚ್ಚಿದರು. ಈಗ ಉಳಿದರ್ಧ. ಅವಳ ಮಂತ್ರವನ್ನು ಊರ ಮಕ್ಕಳೆಲ್ಲ ಬೆಳಿಗ್ಗೆ ಒಕ್ಕೊರಲಿನಿಂದ ಹಾಡುತ್ತಾರೆ: "ಈ ಕೆರೆಯನಳಿದಂ ತನ್ನ ಕೂಸಿನ ಕುಡಿನೀರಂ ಕಳೆದಂ." ಅದು ಮಂತ್ರವಲ್ಲ ಸ್ವಾಮಿ, ಕಲ್ಲಮ್ಮ ಅನ್ನುವುದೇ ಒಂದು ಶಾಸನದ ಕಲ್ಲು, ಕೆರೆ ಕಟ್ಟಿಸಿದವರು ಅದರಲ್ಲಿ ಕೆತ್ತಿಸಿದ ಎಚ್ಚರಿಕೆ. ಈ ಕೆರೆಯನ್ನು ಹಾಳು ಮಾಡಿದವನು ತನ್ನ ಮಗುವಿನ ಬಾಯಿಂದಲೇ ನೀರು ಕಿತ್ತುಕೊಂಡ ಹಾಗೆ ಎಂದರ್ಥ.

ಹಳೆಯ ಮಾತಿನ ಅರ್ಥ ಹೇಳುವುದು ನನ್ನ ಕೆಲಸ. ಅಮ್ಮನಿಂದ ಬಂದದ್ದು, ನನ್ನ ನಂತರ ಇದನ್ನು ಕಲಿತವರು ಯಾರೂ ಇಲ್ಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವೇ ಎಂದು ಹಂಗಿಸಿ ನಿಮ್ಮ ಮಕ್ಕಳ ಕಾಲದವರು ಚರಿತ್ರೆ, ಕಾವ್ಯದ ಪಾಠಗಳನ್ನೆಲ್ಲ ಶಾಲೆಯಿಂದ ಸಾಗಹಾಕಿದರಂತೆ. ನನಗೆ ಕೋಪವಿದೆ, ಮುಚ್ಚಿಡುವುದಿಲ್ಲ. ನೀರೆಷ್ಟಿದೆ ಎಂದು ನೀರುಗಣ್ಣು ಹೇಳುತ್ತದೆ. ಗೊತ್ತಿದ್ದೂ ಕೆರೆ ಮುಚ್ಚುವ ಮನುಷ್ಯರ ತಲೆಯೊಳಗೆ ಏನಿದೆ ಎಂದು ಅದು ಹೇಳಲಾರದು. ಅದನ್ನು ಹೇಳಬಲ್ಲ ವಿದ್ಯೆಯೇ ಹೂವಿನ ಲೆಕ್ಕದಲ್ಲಿ ಹೋಯಿತು.

ನನ್ನ ಮಗಳು ದುರುಗಿಗೆ ದಿನ ತುಂಬಿದೆ. ಅಮ್ಮ ನನಗೆ ಎರೆದಂತೆ ನನ್ನ ಬಾಣಂತಿಗೂ ಒಂದು ಹಂಡೆ ಬಿಸಿನೀರು ಎರೆಯಬೇಕೆಂದು ನನಗಾಸೆ. ಅದಕ್ಕೇ ಮೊನ್ನೆ ಊರು ಸೇರಿದಾಗ ಕಲ್ಲಮ್ಮನ ಅರಿಸಿನ ಕೆರೆದು, ಅಕ್ಷರದ ಮೇಲೆ ಬೆರಳಿಟ್ಟು ಅರ್ಥ ಹೇಳಿದೆ. ಊರಿನ ಯಜಮಾಂತಿ ಗಾದ್ರಮ್ಮನ ಕಣ್ಣಲ್ಲಿ ನೀರು ಬಂತು. ಗೆದ್ದೆ ಅಂದುಕೊಂಡೆ.

"ಅಮ್ಮ ಬಾಯ್ ಬಿಟ್ಟವ್ಳೆ ಕಣ್ರೋ!" ಎಂದು ಅವಳು ಕೈಮುಗಿದಳು. "ಇಂಥಾ ತಾಯಿಗೆ ಈ ಅಂಗಳ ಎಲ್ಲಿ ಸಾಕಾಯ್ತದೆ? ನಾಳೇನೇ ಮಣ್ಣು ಹಾಕ್ರಿ."

ನಿಮ್ಮೂರ ಏರಿಯ ಮೇಲೂ ಒಂದು ಕಲ್ಲಿರಬಹುದು. ಕೈಮುಗಿಯುವ ಮೊದಲು ಓದಿ. ಮಕ್ಕಳಿಗೆ ಬರೀ ಬಾಯಿಪಾಠ ಮಾಡಿಸಬೇಡಿ, ಅರ್ಥ ಹೇಳಿ. ನಾನು ಹೇಳುವ ಹೊತ್ತಿಗೆ ತಡವಾಗಿತ್ತು.

ದುರುಗಿಗೆ ನೋವು ಶುರುವಾಗಿದೆ. ಸರದಿಕೊಡದಲ್ಲಿ ಉಳಿದಷ್ಟನ್ನು ಒಲೆಯ ಮೇಲಿಟ್ಟಿದ್ದೇನೆ, ತಳ ಕಾಣುತ್ತಿದೆ. ಕೆರೆಯ ಕಡೆಯಿಂದ ಮಣ್ಣು ಸುರಿಯುವ ಸದ್ದು, ಅದರ ಜೊತೆಗೆ ಮಕ್ಕಳ ಹಾಡು. ಒಂದಕ್ಷರವೂ ತಪ್ಪಿಲ್ಲ.