ಹಿಂದಿನ ಗೇಟಿನ ಬೀಗ

ಮಾರ್ಚ್ ೧೪, ಶನಿವಾರ

ಬೀಗ ಒಡೆದವನು ಯಾರು? ನಮ್ಮ ಲೇಔಟಿನ ಸಂಘದ ಅಧ್ಯಕ್ಷರಿಗೆ ಇವತ್ತು ಕೇಳಲು ಸಿಕ್ಕಿದ್ದು ಇದೊಂದೇ ಪ್ರಶ್ನೆ.

ಗುಡ್ಡದ ಹುಲ್ಲು ಪ್ರತಿ ಬೇಸಿಗೆಯಲ್ಲೂ ಉರಿಯುತ್ತದೆ. ಅದಕ್ಕೇ ನಾನು ಜನವರಿಯಲ್ಲೇ ಅತ್ತೆಯ ಮಾತ್ರೆ, ಕಾಗದಪತ್ರ ಎಲ್ಲ ಒಂದು ಚೀಲಕ್ಕೆ ತುಂಬಿಸಿಟ್ಟು, ಅಧ್ಯಕ್ಷರ ಬಳಿ ಹಿಂದಿನ ಗೇಟಿನ ಕೀ ಕೇಳಿದ್ದೆ.

"ಕೀ ಎಂತಕ್ಕೆ ಮೇಡಂ? ಕೊಟ್ಟರೆ ಆಚೆ ಶೆಡ್ಡಿನಲ್ಲಿರುವ ಕಟ್ಟಡ ಕೆಲಸದವರೆಲ್ಲ ಒಳಗೆ ಬರ್ತಾರೆ. ಬೆಂಕಿ ಬಂದಾಗ ನೋಡುವ" ಎಂದಿದ್ದರು.

ಇವತ್ತು ಮಧ್ಯಾಹ್ನ ಬಂತು. ಮುಂದಿನ ರಸ್ತೆ ಹೊಗೆಯಲ್ಲಿ ಕಾಣದಾಯಿತು. ಅತ್ತೆಯನ್ನು ಗಾಲಿಕುರ್ಚಿಯಲ್ಲಿ ಹಿಂದಿನ ಗೇಟಿಗೆ ತಳ್ಳಿಕೊಂಡು ಹೋದೆ. ಬೀಗ ಹಾಕಿತ್ತು. ಅಧ್ಯಕ್ಷರು ಫೋನ್ ಎತ್ತಲಿಲ್ಲ. ನನ್ನ ಕೂಗು ಕೇಳಿ ಆಚೆಯ ಶೆಡ್ಡಿನಿಂದ ಮೇಸ್ತ್ರಿ ಶರಣಬಸಪ್ಪ ಸುತ್ತಿಗೆ ಹಿಡಿದು ಓಡಿಬಂದರು.

"ಒಡೆಯಿರಿ" ಎಂದೆ.

"ಹಿಂದ ಸರೀರಿ ಅಕ್ಕಾರ."

ಬೀಗ ಒಡೆದು, ಗಾಲಿಕುರ್ಚಿ ಹೋಗದ ಕಲ್ಲುದಾರಿಯಲ್ಲಿ ಅತ್ತೆಯನ್ನು ಬೆನ್ನ ಮೇಲೆ ಹೊತ್ತು ನಡೆದರು. ದೊಡ್ಡ ರಸ್ತೆಗೆ ಮುಟ್ಟಿಸಿ ಮರಳುವಷ್ಟರಲ್ಲಿ ಗಾಳಿ ತಿರುಗಿ ಅವರ ಶೆಡ್ಡು ಸುಟ್ಟುಹೋಗಿತ್ತು. ಹೆಂಡತಿ ಭಾಗವ್ವ ಹೊರಗಿದ್ದದ್ದೊಂದೇ ಪುಣ್ಯ.

ಅದರ ಬಗ್ಗೆ ಸಂಘದ ಗ್ರೂಪಿನಲ್ಲಿ ಒಂದು ಮಾತಿಲ್ಲ. ಬೀಗ ಒಡೆದವನ ಮೇಲೆ ಪೊಲೀಸರಿಗೆ ದೂರು ಕೊಡಬೇಕಂತೆ.

"ಒಡೆಸಿದ್ದು ನಾನು. ದೂರು ನನ್ನ ಮೇಲೆ ಕೊಡಿ" ಎಂದು ಬರೆದೆ.

ಶರಣಬಸಪ್ಪ, ಭಾಗವ್ವ ಇಬ್ಬರೂ ನಮ್ಮ ಮನೆಯ ಹಾಲ್‌ನಲ್ಲಿ ಮಲಗಿದ್ದಾರೆ. ನಾಳೆ ಹೊಸ ಬೀಗ ಹಾಕಲು ಯಾರಾದರೂ ಬರಲಿ, ಆ ಗೇಟಿನ ಎದುರು ನಾನೇ ನಿಲ್ಲುತ್ತೇನೆ.