ಏಳನೇ ಡಬ್ಬಿ

ಮನೆಯಿಂದ, ಅಡುಗೆಮನೆಯ ಮೇಜು
ಮಾರ್ಚ್ ೧೪, ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ಡ್ರಿಲ್ ಮೇಷ್ಟ್ರಿಗೆ,

ಹೇಗಿದ್ದೀರಿ? ಮೂಗು ಕಟ್ಟಿ ಮುಖ ಊದಿಕೊಂಡಿದೆ ಅಂತ ಬರೆದಿದ್ದಿರಿ, ಈಗ ಇಳಿದಿದೆಯೇ? ಬೆನ್ನುನೋವು? ಕಾಲಿಗಿಂತ ತಲೆ ತಗ್ಗಿನಲ್ಲಿಟ್ಟುಕೊಂಡು ಊಟ, ಅದೇ ಭಂಗಿಯಲ್ಲಿ ಸ್ನಾನ, ಅದೇ ಭಂಗಿಯಲ್ಲಿ ನಿದ್ದೆ. ಇಡೀ ಶಾಲೆಯನ್ನು ಸೀಟಿ ಊದಿ ಓಡಿಸುತ್ತಿದ್ದ ಮನುಷ್ಯನಿಗೆ ಆ ಬಾಹ್ಯಾಕಾಶ ಸಂಶೋಧನಾ ಕೇಂದ್ರದಲ್ಲಿ ಅರವತ್ತು ದಿನ ಮಲಗುವ ಕೆಲಸ ಸಿಕ್ಕಿತಲ್ಲ ಅಂತ ಎಷ್ಟು ಸಲ ಒಬ್ಬಳೇ ನಕ್ಕಿದ್ದೇನೋ. ಮದುವೆಯಾದ ಹದಿನೆಂಟು ವರ್ಷದಲ್ಲಿ ಒಂದು ಭಾನುವಾರವಾದರೂ ನನ್ನನ್ನು ಆರು ಗಂಟೆಯ ಮೇಲೆ ಮಲಗಲು ಬಿಟ್ಟಿದ್ದೀರಾ? ಅನುಭವಿಸಿ. ಫೋನ್ ಯಾಕೆ ಮಾಡಲಿಲ್ಲ ಅಂದರೆ, ಮಾತು ಶುರುವಾಗುತ್ತಲೇ ನೀವು ಅಳುತ್ತೀರಿ, ನಾಡಿ ಏರುತ್ತದೆ, ಪಾಪ ಆ ನರ್ಸಮ್ಮನ ಅಳತೆಗಳೆಲ್ಲ ಕೆಡುತ್ತವೆ. ಕಾಗದವಾದರೆ ಅತ್ತರೂ ನಿಧಾನವಾಗಿ ಅಳಬಹುದು.

ಮಂಗಳವಾರ ನಿಮ್ಮ ಪತ್ರ ಬಂತು. ಸಾಕು, ಡಾಕ್ಟರಿಗೆ ಹೇಳಿ ಎದ್ದು ಬಂದುಬಿಡುತ್ತೇನೆ ಅಂತ ಬರೆದಿದ್ದೀರಿ. ಅಲ್ಲಿ ಅಮ್ಮ ಹಾಸಿಗೆ ಹಿಡಿದಿರುವಾಗ ನಾನಿಲ್ಲಿ ಬೇಕಂತಲೇ ಬಿದ್ದುಕೊಂಡಿರುವುದು ಯಾವ ನ್ಯಾಯ ಅಂತ ಕೇಳಿದ್ದೀರಿ. ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು, ಆಪರೇಷನ್ ಆಗಿ, ಇನ್ನೊಂದು ವಾರದಲ್ಲಿ ನಡೆಯುತ್ತಾರೆ ಅಂತ ಡಾಕ್ಟರು ಹೇಳಿದ ಮೇಲೆಯೇ ನೀವು ಹೊರಟದ್ದು. ಮೂಳೆ ಕೂಡಿತು, ಅತ್ತೆಯ ಧೈರ್ಯ ಕೂಡಲಿಲ್ಲ. ವ್ಯಾಯಾಮ ಮಾಡಿಸುವ ಹುಡುಗಿ ವಾರಕ್ಕೆ ಮೂರು ಸಲ ಬಂದು ಅಜ್ಜಿ ಏಳಿ, ಅಜ್ಜಿ ಏಳಿ ಅಂತ ಗೋಗರೆದು ಹೋಗುತ್ತಿದ್ದಳು. ಇವರು ಗೋಡೆ ಕಡೆ ಮುಖ ತಿರುಗಿಸುತ್ತಿದ್ದರು. ಆ ಸಿಟ್ಟಿನಲ್ಲಿ ನಾನೂ ನಿಮಗೆ ಒರಟಾಗಿ ಬರೆದಿದ್ದೆ: ಯಾರೋ ಆಕಾಶಕ್ಕೆ ಹೋಗುತ್ತಾರೆ ಅಂತ ನೀವ್ಯಾಕೆ ಮಲಗಬೇಕು, ಅದರಿಂದ ಯಾರ ಮನೆ ದೀಪ ಉರಿಯುತ್ತದೆ ಅಂತ. ಆ ಮಾತನ್ನು ಈಗ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ಯಾಕೆ ಅಂತ ಪೂರ್ತಿ ಓದಿ, ಅಲ್ಲಿಯವರೆಗೆ ದಯವಿಟ್ಟು ಏಳಬೇಡಿ.

ಮೂರನೇ ವಾರದಲ್ಲಿ ನೀವು ಬರೆದಿರಲ್ಲ, ಮೀನಖಂಡದ ಅಳತೆ ತೆಗೆದರು, ಕಾಲು ಆಗಲೇ ಸೊರಗುತ್ತಿದೆ, ಸುಮ್ಮನೆ ಮಲಗಿದರೆ ಮೂಳೆಯೂ ಸವೆಯುತ್ತದಂತೆ, ಭಾರವಿಲ್ಲದ ಕಡೆ ತೇಲುವವರಿಗೂ ಹೀಗೇ ಆಗುತ್ತದಂತೆ, ಹಾಸಿಗೆ ಹಿಡಿದ ಮುದುಕರಿಗೂ ಹೀಗೇ ಅಂತೆ ಅಂತ. ಅದನ್ನು ಅತ್ತೆಗೆ ಓದಿ ಹೇಳಿದೆ. ಎಂದಿನಂತೆ ಬೇಗ ಬರಲಿ ಅಂತ ಕಣ್ಣೊರೆಸಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಅವರು ಅಳಲಿಲ್ಲ. ಕಾಲಿನ ವಿಷಯ ಇನ್ನೊಂದು ಸಲ ಓದು ಅಂದರು. ಓದಿದೆ. ಆಮೇಲೆ ಹೊದಿಕೆ ಸರಿಸಿ ತಮ್ಮ ಕಾಲನ್ನೇ ನೋಡಿಕೊಂಡರು.

ಈಗ ನಮ್ಮ ಶೆಡ್ಡಿನ ಸುದ್ದಿ. ನೀವು ಜಿಡ್ಡಿನ ಇಲಾಖೆ ಅಂತ ಗೇಲಿ ಮಾಡುತ್ತಿದ್ದಿರಲ್ಲ, ಅದಕ್ಕೀಗ ಭಾರೀ ಮರ್ಯಾದೆ. ಮನೆಮನೆಯಿಂದ, ಕ್ಯಾಂಟೀನುಗಳಿಂದ ನಾವು ಸಂಗ್ರಹಿಸುವ ಕರಿದ ಎಣ್ಣೆ ಕಾರ್ಖಾನೆಗೆ ಹೋಗಿ ಶುದ್ಧವಾಗಿ, ವಿಮಾನದ ಇಂಧನವಾಗಿ, ಮಾಮೂಲು ಇಂಧನದ ಜೊತೆ ಬೆರೆತು ಹೋದ ತಿಂಗಳಿಂದ ಹಾರುತ್ತಿದೆ. ಕಿಟಕಿಯಾಚೆ ವಿಮಾನದ ಸದ್ದು ಕೇಳಿದರೆ ಅತ್ತೆ ಹಾಸಿಗೆಯಲ್ಲೇ ಬೀಗುತ್ತಾರೆ, ನಮ್ಮನೆ ಆಲೂಗಡ್ಡೆ ಕರಿದ ಎಣ್ಣೆ ಹೋಗ್ತಾ ಇದೆ ನೋಡು ಅಂತ. ಒಂದೇ ಕಷ್ಟ, ಎಣ್ಣೆಯಲ್ಲಿ ನೀರಿರಬಾರದು. ಕಾದ ತಟ್ಟೆಯ ಮೇಲೆ ಒಂದು ತೊಟ್ಟು ಬಿಟ್ಟರೆ ತೆಪ್ಪಗೆ ಹರಡಿಕೊಳ್ಳಬೇಕು. ಚಟಪಟ ಅಂದರೆ ನೀರು ಸೇರಿದೆ ಅಂತ ಅರ್ಥ.

ಬುಧವಾರ ನಮ್ಮ ಬೀದಿಯ ಡ್ರಮ್ಮು ಚಟಪಟ ಅಂದಿತು. ಯಾರ ಮನೆಯ ಡಬ್ಬಿ ಅಂತ ಹುಡುಕಲು ಪ್ರತಿ ಡಬ್ಬಿಯ ಮಾದರಿ ತೆಗೆದಿಟ್ಟ ಸೀಸೆಗಳನ್ನು ಮೇಲ್ವಿಚಾರಕರು ಒಂದೊಂದಾಗಿ ಪರೀಕ್ಷೆ ಮಾಡುತ್ತಿದ್ದರು. ನಾನು ಸ್ಟೂಲಿನ ಮೇಲೆ ಕೂತು ಬರೆದುಕೊಳ್ಳುತ್ತಿದ್ದೆ. ಇದ್ದಕ್ಕಿದ್ದಂತೆ ಅವರು "ಏಳು!" ಅಂತ ಕೂಗಿದರು. ಧಡಕ್ಕನೆ ಎದ್ದು ನಿಂತೆ. ಯಾವತ್ತೂ ಬಹುವಚನ ಬಿಡದ ಮನುಷ್ಯ ಏಕವಚನಕ್ಕೆ ಇಳಿದರೆಂದರೆ ನನ್ನ ಕೆಲಸ ಹೋಯಿತು ಅಂತಲೇ ಅಂದುಕೊಂಡೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿ "ನಿಮಗಲ್ಲಮ್ಮಾ, ಡಬ್ಬಿ ನಂಬರ್ ಏಳು" ಅಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ನೋಡಿದರೆ, ಏಳನೇ ಡಬ್ಬಿ ನಮ್ಮ ಮನೆಯದು! ನೀರು ಹಾಕಬೇಡಿ ಅಂತ ಊರಿಗೆಲ್ಲ ಪಾಠ ಹೇಳುವವಳ ಮನೆಯದು. ಕೈಗೊಂದು ಮೆಮೋ ಬಂತು. ನಾಚಿಕೆಯಿಂದ ಸತ್ತೇ ಹೋದೆ.

ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಅತ್ತೆಯ ಕೋಣೆಗೆ ನುಗ್ಗಿದೆ. ಡಬ್ಬಿಗೆ ನೀರು ಹಾಕಿದ್ದು ಯಾರು? ಮೊದಲು ಗೋಡೆ ನೋಡಿದರು. ಆಮೇಲೆ, "ಬಾಣಲೆಗೆ ಅಷ್ಟೊಂದು ಎಣ್ಣೆ ಅಂಟ್ಕೊಂಡಿತ್ತು ಕಣೇ. ಬಿಸಿನೀರು ಹಾಕಿ ಬಳಿದು ಹುಯ್ದೆ. ವಿಮಾನಕ್ಕೆ ಹೋಗೋದನ್ನ ಯಾರಾದ್ರೂ ಪೋಲು ಮಾಡ್ತಾರಾ?" ಅಂದರು. ನನಗೆ ತಲೆ ಕೆಟ್ಟುಹೋಯಿತು. ಮೆಮೋ ಹಿಡಿದುಕೊಂಡು ಬಾಯಿಗೆ ಬಂದದ್ದೆಲ್ಲ ಅಂದೆ, ಎರಡು ನಿಮಿಷ ಬಿಡದೆ ಅಂದೆ. ಅರ್ಧದಲ್ಲಿ ಬಾಯಿ ತಾನೇ ಕಟ್ಟಿಹೋಯಿತು. ಹಾಸಿಗೆಯಿಂದ ಒಲೆಗೆ ಹತ್ತೊಂಬತ್ತು ಹೆಜ್ಜೆ. "ಅತ್ತೇ, ಅಡುಗೆಮನೆಗೆ ಹೇಗೆ ಹೋದಿರಿ?" ಅಂತ ಕೇಳಿದೆ. "ನಡ್ಕೊಂಡು ಹೋದೆ. ಇನ್ನೇನು, ಹಾರ್ಕೊಂಡು ಹೋಗ್ಲಾ?" ಅಂದರು.

ರೀ, ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಎದ್ದು ನೋಡಿದರೆ ಅಡುಗೆಮನೆಯಿಂದ ಕೋಣೆಯವರೆಗೆ ಗೋಡೆಯುದ್ದಕ್ಕೂ ಜಿಡ್ಡುಗೈಯ ಗುರುತು, ಸೊಂಟದೆತ್ತರಕ್ಕೆ, ಹತ್ತಿರ ಹತ್ತಿರ. ಎಂಟು ದಿನದಿಂದ ನಾನು ಕೆಲಸಕ್ಕೆ ಹೊರಟ ಮೇಲೆ ಗೋಡೆ ಹಿಡಿದು ನಡೆಯುತ್ತಿದ್ದರಂತೆ. ಮತ್ತೆ ಬಿದ್ದರೆ ನಾವಿಬ್ಬರೂ ಆಸೆ ಬಿಟ್ಟುಬಿಡುತ್ತೇವೆ ಅಂತ ಬಾಯಿ ಬಿಟ್ಟಿರಲಿಲ್ಲ. "ಅವನಿಗೆ ಏಳಬಾರದು ಅಂತ ಕಟ್ಟಳೆ, ಮಲಗಿದಾನೆ. ನನಗೆ ಏಳು ಏಳು ಅಂತ ಬಡ್ಕೋತಿದಾರೆ, ನಾನೂ ಮಲಗಿದೀನಿ. ಅವನಂಥ ಗಟ್ಟಿಗನ ಕಾಲೇ ಮೂರು ವಾರಕ್ಕೆ ಸೊರಗಿದರೆ ನಂದು ಉಳಿಯುತ್ತಾ?" ಅಂದರು. ನಾನೂ ಆ ಹುಡುಗಿಯೂ ವಾರಗಟ್ಟಲೆ ಹೇಳಿ ಆಗದ್ದು ನಿಮ್ಮ ಒಂದು ಕಾಗದದಿಂದ ಆಯಿತು.

ಅದಕ್ಕೇ ಹೇಳುತ್ತಿದ್ದೇನೆ, ಆ ಡಾಕ್ಟರುಗಳಿಗೆ, ನಿಮ್ಮ ಮೀನಖಂಡಕ್ಕೆ ಟೇಪು ಸುತ್ತಿದ ನರ್ಸಮ್ಮನಿಗೆ, ನನ್ನ ಕೃತಜ್ಞತೆ ತಿಳಿಸಿ. ಆಕಾಶಕ್ಕೆ ಹೋಗುವವರಿಗಾಗಿ ಅವರು ಕಂಡುಕೊಂಡದ್ದು ನಮ್ಮ ಅಡುಗೆಮನೆಯವರೆಗೂ ಬಂತು. ನಿಮಗೂ ಕೃತಜ್ಞಳು, ಎದುರಿಗೆ ನಿಂತು ಹೇಳಲು ನಾಚಿಕೆ, ಹಾಗಾಗಿ ಬರೆಯುತ್ತಿದ್ದೇನೆ. ಕೆಟ್ಟ ಡ್ರಮ್ಮಿನ ಚಿಂತೆ ಬೇಡ, ಒಂದು ವಾರ ಕದಲಿಸದೆ ಇಟ್ಟರೆ ನೀರು ತಳಕ್ಕಿಳಿಯುತ್ತದೆ. ಮೆಮೋಗೆ ಉತ್ತರವಾಗಿ "ನಮ್ಮ ಅತ್ತೆ ನಡೆದರು" ಅಂತ ಬರೆದುಕೊಟ್ಟೆ. ಮೇಲ್ವಿಚಾರಕರು ಓದಿ, ಅದಕ್ಕೆ ಸೀಲು ಹಾಕಿ ಫೈಲಿಗೆ ಸೇರಿಸಿದರು.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮಗ್ಗುಲು ಬದಲಿಸುತ್ತಿರಿ. ನಿಮ್ಮ ತಲೆ ಎಷ್ಟೇ ತಗ್ಗಿನಲ್ಲಿರಲಿ, ಮನಸ್ಸು ಮೇಲಿರಲಿ ಅಂತ ಹಾರೈಸುವ,

ನಿಮ್ಮ,
ಜಿಡ್ಡಿನ ಇಲಾಖೆ

ತಾ.ಕ.: ಪೋಸ್ಟ್ ತೆಗೆಯುವ ಹೊತ್ತಾಯಿತು, ಬೇಗ ಹೇಳುತ್ತೇನೆ. ನೀವು ಎದ್ದು ನಿಲ್ಲುವ ದಿನ ಮನೆಯವರೊಬ್ಬರು ಪಕ್ಕದಲ್ಲಿರಬಹುದು ಅಂತ ಕೇಂದ್ರದಿಂದ ಫಾರಂ ಬಂದಿದೆ. ಒಬ್ಬರೇ. ನಾನು ನನ್ನ ಹೆಸರು ತುಂಬಿ ಸಹಿ ಹಾಕಿಯಾಗಿತ್ತು. ಅತ್ತೆ ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿದರು, ಏನೂ ಕೇಳದೆ ಮಡಿಸಿ ಕೊಟ್ಟರು. ಈಗ ನನ್ನ ಹೆಸರು ಹೊಡೆದು ಅವರದು ಬರೆದಿದ್ದೇನೆ, ನಾನು ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ಇನ್ನು ಇಪ್ಪತ್ತೆರಡು ದಿನದಲ್ಲಿ ಮೆಟ್ಟಿಲು ಹತ್ತುವುದನ್ನೂ ಕಲಿಯುತ್ತೇನೆ ಅಂತ ಇವತ್ತು ಮೊದಲ ಮೆಟ್ಟಿಲ ಮೇಲೆ ನಿಂತಿದ್ದಾರೆ. ನೀವು ಮೊದಲೇ ಎದ್ದು ಬಂದುಬಿಟ್ಟರೆ ಅವರು ಯಾರ ಹತ್ತಿರಕ್ಕೆ ಅಂತ ನಡೆಯಬೇಕು?