ಗುಳಿ ಒತ್ತಿದ ಉಂಡೆ

ಏಕಸಂಬಿ
20 ಜನವರಿ 2024

ಪ್ರೀತಿಯ ಸಪನವ್ವಾ,

ಮಿರಜದ ಹಾಸ್ಟೆಲ್ಲಿನ ಊಟ ಈಗಲಾದರೂ ಬಾಯಿಗೆ ಹತ್ತುತ್ತಿದೆಯೇ? ಪಾಳಿ ಮುಗಿಸಿ ಬಂದು ಉಪವಾಸ ಮಲಗುತ್ತೀಯಂತೆ, ನಿನ್ನ ಅಜ್ಜಿಗೆ ಅದೇ ಚಿಂತೆ. ರೋಗಿಗಳನ್ನು ನೋಡಿಕೊಳ್ಳುವವಳು ಮೊದಲು ನಿನ್ನ ಹೊಟ್ಟೆ ನೋಡಿಕೊ. ಅಜ್ಜಿಯ ಮೊಣಕಾಲು ನೋವು ಇದ್ದಲ್ಲೇ ಇದೆ, ನನ್ನ ಮೇಲಿನ ಸಿಟ್ಟೂ ಇದ್ದಲ್ಲೇ ಇದೆ. ನಾನು ಗಟ್ಟಿಯಾಗಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಫೋನು ನಿನ್ನ ಅಪ್ಪನ ಕಿಸೆಯಲ್ಲಿರುತ್ತದೆ, ನಾವು ಮಾತಾಡುವಾಗ ನನ್ನ ಮಗ ಸುಧೀರ ಸಾಹೇಬರು ಸ್ಪೀಕರ್ ಹಚ್ಚಿ ಪಕ್ಕದಲ್ಲೇ ಕೂಡುತ್ತಾರೆ. ಅದಕ್ಕೇ ಈ ಕಾಗದ.

ದೂಧಗಂಗೆ ಈಗ ತಿಳಿಯಾಗಿದ್ದಾಳೆ. ಬಿಸಿಲು ಏರುವ ಮೊದಲೇ ಹೋಗಿ ಬಂಡೆಗಳ ಹತ್ತಿರ ಗಾಳ ಹಾಕಿ ಕೂತರೆ ಜೀವಕ್ಕೆ ಎಷ್ಟು ಹಾಯೆನಿಸುತ್ತದೆಂದು ನಿನಗೆ ಹೇಳಬೇಕಿಲ್ಲ. ಬಾಯಿಯ ಬದಿಗೆ ಮೀಸೆಯಿರುವ ನಮ್ಮ ಖಡಸ ಮೀನು ತಳದ ಕಲ್ಲು ಮೂಸುತ್ತ ಬರುತ್ತದೆ, ಗಾಳದ ಹಿಟ್ಟನ್ನು ಒಮ್ಮೆ ಮುಟ್ಟಿ ಬಿಡುತ್ತದೆ, ಆಮೇಲೆ ಎಳೆಯಿತೆಂದರೆ ಭುಜದವರೆಗೂ ಜಗ್ಗು. ದಿನಾಲೂ ಸಿಗುವುದಿಲ್ಲ. ಸಿಗದ ದಿನವೂ ನಾನು ಖುಷಿಯಾಗಿಯೇ ಮನೆಗೆ ಬರುತ್ತೇನೆ, ಅಜ್ಜಿಗೆ ಸಿಟ್ಟು ಬರುವುದು ಅದಕ್ಕೇ.

ಹೋದ ಭಾನುವಾರ ಅಲ್ಲಿಗೆ ಒಬ್ಬ ಹುಡುಗ ಬಂದ. ಕಾಗವಾಡದವನು, ಹೆಸರು ವಿಕ್ರಾಂತ, ಮಿರಜದಲ್ಲಿ ಔಷಧದ ಅಂಗಡಿಯ ಕೆಲಸ. “ಮೀನ ಹಿಡಿಯೋದ ನೋಡಾಕ ಬಂದೇನ್ರಿ, ಅಜ್ಜಾರ” ಅಂದ. ನೋಡಿದರೆ ಜೈನರ ಹುಡುಗ, ಗಾಳದ ಕಡೆ ನೋಡಲೂ ಮುಖ ಹಿಂಡುತ್ತಾನೆ. ಇವನಿಗೆ ಇಲ್ಲೇನು ಕೆಲಸ ಅಂದುಕೊಂಡೇ ಕೂಡು ಎಂದೆ. ಸುಮ್ಮನೆ ಕೂಡುವುದು ಬರುತ್ತದೆ ಅವನಿಗೆ. ಫೋನು ತೆಗೆಯಲಿಲ್ಲ, ಕಲ್ಲೆಸೆಯಲಿಲ್ಲ, ನೀರು ನೋಡುತ್ತ ಕೂತ. ಆಮೇಲೆ ತನ್ನ ಡಬ್ಬಿಯಿಂದ ಶೇಂಗಾ ಹಿಂಡಿ ತೆಗೆದು ನಾದಿ, ಉಂಡೆ ಕಟ್ಟಿ, ಎಡಗೈ ಹೆಬ್ಬೆರಳಿನಿಂದ ಗುಳಿ ಒತ್ತಿ, ಅದರೊಳಗೆ ಬೆಲ್ಲದ ಚೂರಿಟ್ಟು ಮುಚ್ಚಿ ನೀರಿಗೆ ಬಿಟ್ಟ. ಗಾಳವಿಲ್ಲ, ದಾರವಿಲ್ಲ, ಬರೀ ಮೀನು ತಿನ್ನಲಿ ಅಂತ.

ಹಾಗೆ ಗುಳಿ ಒತ್ತಿ ಬೆಲ್ಲ ಮುಚ್ಚುವುದನ್ನು ನಾನು ಈ ಜನ್ಮದಲ್ಲಿ ನಿನಗೊಬ್ಬಳಿಗೇ ಕಲಿಸಿದ್ದೇನೆ. ನಿನ್ನ ಅಪ್ಪನಿಗೂ ಕಲಿಸಿಲ್ಲ. “ಯಾರ ಕಲಿಸ್ಯಾರೋ ತಮ್ಮಾ” ಎಂದು ಕೇಳಿದೆ. ಕಿವಿ ಕೆಂಪಗಾದವು, ಆದರೆ ಸುಳ್ಳು ಹೇಳಲಿಲ್ಲ. “ಸಪನಾ ಕಲಿಸ್ಯಾಳ್ರಿ. ಅಜ್ಜ ಹೂಂ ಅನ್ನೂತನಕಾ ಲಗ್ನದ ಮಾತ ಬ್ಯಾಡ ಅಂದಾಳ್ರಿ” ಅಂದ.

ಕಳ್ಳಿ, ನನ್ನ ಹತ್ತಿರ ಹೇಳಲು ನಿನಗೇನು ಹೆದರಿಕೆಯಿತ್ತು? ಒಂದು ಗಳಿಗೆ ಬಹಳ ಬೇಸರವಾಯಿತು, ಸುಳ್ಳು ಏಕೆ ಹೇಳಲಿ. ಅಷ್ಟರಲ್ಲಿ ಖಡಸಗಳೆಲ್ಲ ಅವನ ಉಂಡೆಗೆ ಮುತ್ತಿಕೊಂಡವು, ನನ್ನ ಗಾಳವನ್ನು ಒಂದೂ ಮೂಸಿ ನೋಡಲಿಲ್ಲ. ಇಬ್ಬರಿಗೂ ನಗು ತಡೆಯಲಿಲ್ಲ. ನಗು ನಿಂತ ಮೇಲೆ ನಾನು ಹೂಂ ಅಂದೆ. ಅವನ ತಂದೆ ಶ್ರೀಪಾಲ ಅವರು ಆಗಲೇ ಒಪ್ಪಿದ್ದಾರಂತೆ. ಉಳಿದವನು ನಿನ್ನ ಅಪ್ಪ. ಬುಧವಾರ ಅವನಿಗೆ ಎಲ್ಲ ಹೇಳಿದೆ. ಅವತ್ತಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾನೆ. ಅವನು ಒಪ್ಪದೆ ಈ ಲಗ್ನ ಆಗುವುದಿಲ್ಲ, ಅವನನ್ನು ಬಿಟ್ಟು ಮಾಡಿಕೊಳ್ಳಿ ಎಂದು ನಾನೂ ಹೇಳಲಾರೆ. ಕಾಯಬೇಕು. ಕಾಯುವುದು ನನಗೆ ರೂಢಿಯಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈಗುಣ ಹೆಚ್ಚಲಿ, ಬಾಳು ತಂಪಾಗಿರಲಿ.

ನಿನ್ನ ಅಜ್ಜ,
ಮಾಯಪ್ಪ

ತಾ.ಕ.: ಕಾಗದ ಮಡಚುತ್ತಿದ್ದೆ, ನಿನ್ನ ಅಪ್ಪ ಬಂದು ಬಾಗಿಲಲ್ಲಿ ನಿಂತ. “ಮೀನ ಕುದಿಸಿದ ಭಾಂಡೇದಾಗ ಕಾಗವಾಡದವ್ರು ಹೆಂಗ ಉಣ್ತಾರಪಾ” ಅಂದ. ನಾನು ಬಾಯಿ ತೆರೆಯುವ ಮೊದಲೇ ಗಾಡಿ ಚಾಲೂ ಮಾಡಿಕೊಂಡು, ಹೊಸ ಪಾತ್ರೆ ತರಲು ಚಿಕ್ಕೋಡಿಗೆ ಹೋದ.